ಸ್ಕ್ಯಾನ್ ಮಾಡಿದಾಗ ಯಾರ ಹೆಸರು ಬರುತ್ತೆ?

ನಾಳೆ ಗೇಟಿನ ಹೊರಗೆ ಚಹಾ ಕುಡಿದು ಸ್ಕ್ಯಾನ್ ಮಾಡೋವಾಗ, ಪಿನ್ ಒತ್ತೋಕೆ ಮುಂಚೆ ಒಂದು ಸೆಕೆಂಡ್ ನಿಂತು ಪರದೆ ಮೇಲೆ ಬರೋ ಹೆಸರನ್ನ ಓದಿ. ಚಹಾ ಕಾಸಿದವರು, ಗ್ಲಾಸ್ ತೊಳೆದವರು, ಹಿಂದಿನ ಬಾಕಿ ನೆನಪಿಸಿದವರು ಎಲ್ಲಾ ಒಬ್ಬರೇ ಹೆಣ್ಣುಮಗಳು. ಹೆಸರು ಮಾತ್ರ ಬಹಳ ಸಲ ಒಬ್ಬ ಗಂಡಸಿನದು. ಮಗ, ಗಂಡ, ಇಲ್ಲಾಂದ್ರೆ ತಮ್ಮ. ಜೆರಾಕ್ಸ್ ಅಂಗಡಿ, ಪಿಜಿ ಮೆಸ್, ಬ್ಲೌಸ್ ಹೊಲಿಯೋ ಆಂಟಿ, ಎಲ್ಲಿ ಬೇಕಾದ್ರೂ ನೋಡಿ. 2025ರ ಜೂನ್ ಕೊನೆಯಿಂದ, ವ್ಯಕ್ತಿಗಳಿಗೂ ಸಣ್ಣ ವ್ಯಾಪಾರಿಗಳಿಗೂ ದುಡ್ಡು ಕಳಿಸುವಾಗ ಬ್ಯಾಂಕ್ ದಾಖಲೆಯಲ್ಲಿರೋ ಹೆಸರನ್ನೇ ಯುಪಿಐ ಆ್ಯಪ್‌ಗಳು ತೋರಿಸಬೇಕು ಅಂತ ಎನ್‌ಪಿಸಿಐ ನಿಯಮ ಮಾಡಿದೆ. ಮೋಸ ತಡೆಯೋಕೆ ಬಂದ ನಿಯಮ. ಅದರ ಜೊತೆಗೆ ಅಂಗಡಿ ಯಾರದು, ಖಾತೆ ಯಾರದು ಅನ್ನೋದೂ ಎಲ್ಲರ ಕಣ್ಣಿಗೆ ಕಾಣೋ ಹಾಗಾಯ್ತು.

ಮೂರನೇ ಸೆಮ್‌ನಲ್ಲಿ ವಿಟಿಯು ನಮಗೆ 'ಸೋಶಿಯಲ್ ಕನೆಕ್ಟ್ ಅಂಡ್ ರೆಸ್ಪಾನ್ಸಿಬಿಲಿಟಿ' ಅಂತ ಒಂದು ಕೋರ್ಸ್ ಇಟ್ಟಿದೆ. ಗಿಡ ನೆಡೋದು, ನೀರಿನ ಸಂರಕ್ಷಣೆ, ಹೆರಿಟೇಜ್ ವಾಕ್, ಫುಡ್ ವಾಕ್ ಇತ್ಯಾದಿ. ಹೆಚ್ಚಿನವರು ಫೋಟೋ ತೆಗೆದು ರಿಪೋರ್ಟ್ ಬೈಂಡಿಂಗ್ ಮಾಡಿಸಿ ಮುಗಿಸ್ತಾರೆ. ನಮ್ಮ ತಂಡ ಫುಡ್ ವಾಕ್ ಆರಿಸಿಕೊಂಡಿತ್ತು, ಕಾರಣ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಧಾರವಾಡದ ಖಾನಾವಳಿಗಳು, ಕಡಕ್ ರೊಟ್ಟಿ ಶೇಂಗಾ ಚಟ್ನಿ ಮಾರೋ ಮನೆಗಳು, ದಾರಿಯಲ್ಲಿ ಸಿಕ್ಕ ಟೇಲರ್ ಅಂಗಡಿಗಳು. ಹೊಟ್ಟೆ ತುಂಬಿದ ಮೇಲೆ ಮಾತು ರೊಟ್ಟಿಯಿಂದ ಫೋನಿಗೆ ಹೋಯ್ತು. ಅಲ್ಲಿ ಕೇಳಿದ್ದು, ಆಮೇಲೆ ಕೂತು ಓದಿದ್ದು ಎರಡನ್ನೂ ಸೇರಿಸಿ ಈ ಲೇಖನ. ಈ ವರ್ಷ ಇದೇ ಕೋರ್ಸ್ ಮಾಡೋ ಜೂನಿಯರ್‌ಗಳಿಗೆ, ಎನ್‌ಎಸ್‌ಎಸ್ ಕ್ಯಾಂಪಿನಲ್ಲಿ 'ಡಿಜಿಟಲ್ ಸಾಕ್ಷರತೆ' ಅಂತ ಬ್ಯಾನರ್ ಕಟ್ಟೋರಿಗೆ ಉಪಯೋಗ ಆದೀತು.

ಮೊದಲು ಎರಡು ಅಂಕಿ ಅಂಶ ನೋಡಿಬಿಡೋಣ. 2013-14ರ ಆರನೇ ಆರ್ಥಿಕ ಗಣತಿ ಪ್ರಕಾರ ದೇಶದಲ್ಲಿ ಮಹಿಳೆಯರ ಒಡೆತನದ ಉದ್ಯಮಗಳು ಸುಮಾರು 80.5 ಲಕ್ಷ. ಒಟ್ಟು ಉದ್ಯಮಗಳಲ್ಲಿ ಶೇ 13.76. ಅವುಗಳಲ್ಲಿ ಶೇ 83ಕ್ಕಿಂತ ಹೆಚ್ಚಿನವು ಸಂಬಳದ ಆಳೇ ಇಲ್ಲದೆ ನಡೆಯೋವು. ಅಂದ್ರೆ ಮಾಲಕಿ, ಅಡುಗೆಯವಳು, ಕ್ಯಾಷಿಯರ್ ಎಲ್ಲಾ ಒಬ್ಬರೇ. 'ಬ್ಯಾಂಕಿಗೆ ಹೋಗಿ ಕೆವೈಸಿ ಮಾಡಿಸಿಕೊಂಡು ಬನ್ನಿ' ಅನ್ನೋ ಸಲಹೆ ಕೇಳೋಕೆ ಚೆನ್ನಾಗಿದೆ, ಆದ್ರೆ ಅವರು ಹೋದ ದಿನ ಅಂಗಡಿ ಬಂದ್. ಇನ್ನೊಂದು, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ತಾವೇ ಬಳಸೋ ಮೊಬೈಲ್ ಇರೋ ಮಹಿಳೆಯರು ಶೇ 54ರಷ್ಟು. ಒಮ್ಮೆಯಾದರೂ ಇಂಟರ್ನೆಟ್ ಬಳಸಿದವರು ಮಹಿಳೆಯರಲ್ಲಿ ಶೇ 33.3, ಗಂಡಸರಲ್ಲಿ ಶೇ 57.1. ಆ ಸಮೀಕ್ಷೆಯಲ್ಲಿ ಕೇಳಿದ್ದು 'ಮನೆಯಲ್ಲಿ ಫೋನ್ ಇದೆಯಾ' ಅಂತ ಅಲ್ಲ, 'ನೀವೇ ಬಳಸೋ ಫೋನ್ ಇದೆಯಾ' ಅಂತ. ಈ ಒಂದು ಪದದ ವ್ಯತ್ಯಾಸದಲ್ಲೇ ನಮ್ಮ ವಿಷಯ ಎಲ್ಲಾ ಇದೆ.

ಹಿಟ್ಟಿನ ಕೈಗೆ ಬೇಕಾದ ಯಂತ್ರ

ಯಾವ ತಂತ್ರಜ್ಞಾನ ಜನರ ಕೈಗೆ ಬೇಗ ಹತ್ತುತ್ತೆ ಅನ್ನೋದಕ್ಕೆ ಒಳ್ಳೆ ಉದಾಹರಣೆ ಸೌಂಡ್‌ಬಾಕ್ಸ್. 'ನಲವತ್ತು ರೂಪಾಯಿ ಸ್ವೀಕರಿಸಲಾಗಿದೆ' ಅಂತ ಕೂಗೋ ಆ ಡಬ್ಬಿ. ಒಂದು ಖಾನಾವಳಿಯ ಅಕ್ಕಾರು ನಮಗೆ ಅದರ ಮಹಿಮೆ ಹೇಳಿದ್ದು ಹೀಗೆ: "ಮೊದ್ಲು ಗಿರಾಕಿ ಫೋನ್ ತೋರಿಸ್ತಿದ್ರು. ನನ್ನ ಕೈ ಎಲ್ಲಾ ಹಿಟ್ಟು. ಚಷ್ಮಾ ಬ್ಯಾರೆ ಒಳಗಿರತಿತ್ತು. ಮಾರಿ ನೋಡಿ ಹೂಂ ಅಂತಿದ್ದೆ. ಈಗ ಅದ ಒದರತದ, ನಾ ರೊಟ್ಟಿ ಬಡಿಯೂದು ಬಿಟ್ಟು ಏಳೂದಿಲ್ಲ."

ಇದನ್ನ ಇಂಜಿನಿಯರಿಂಗ್ ಕಣ್ಣಲ್ಲಿ ನೋಡಿ. ಡಬ್ಬಿಯ ಒಳಗೆ ಅದರದ್ದೇ ಒಂದು ಸಿಮ್ ಇರುತ್ತೆ. ನಾವು ದುಡ್ಡು ಕಳಿಸಿದಾಗ ಅದು ಖಾತೆಗೆ ಬಿದ್ದ ಸುದ್ದಿ ಕಂಪನಿಯ ಸರ್ವರ್‌ಗೆ ಹೋಗಿ, ಅಲ್ಲಿಂದ ಮೊಬೈಲ್ ನೆಟ್‌ವರ್ಕ್ ಮೂಲಕ ಡಬ್ಬಿಗೆ ಬರುತ್ತೆ. ಗಿರಾಕಿಯ ಫೋನಿಗೂ ಈ ಕೂಗಿಗೂ ನೇರ ಸಂಬಂಧ ಇಲ್ಲ. ಹಾಗಾಗಿ ನಕಲಿ ಆ್ಯಪ್‌ನಲ್ಲಿ ಹಸಿರು ಟಿಕ್ ತೋರಿಸಿದ್ರೂ, ಹಳೇ ಸ್ಕ್ರೀನ್‌ಶಾಟ್ ಹಿಡಿದ್ರೂ ಡಬ್ಬಿ ಸುಮ್ಮನೇ ಇರುತ್ತೆ. ಓದೋಕೆ ಬರಬೇಕಾಗಿಲ್ಲ, ಕೈ ತೊಳೀಬೇಕಾಗಿಲ್ಲ, ಭಾಷೆ ಕನ್ನಡ. ತಿಂಗಳಿಗೆ ನೂರು ಚಿಲ್ಲರೆ ಬಾಡಿಗೆ ಕೊಟ್ಟಾದ್ರೂ ಇಟ್ಟುಕೊಳ್ತಾರೆ ಅಂದ್ರೆ ಅದರ ಬೆಲೆ ಅವರಿಗೆ ಗೊತ್ತಿದೆ ಅಂತ ಅರ್ಥ. ಯಾರೂ ಅವರಿಗೆ ಟ್ರೈನಿಂಗ್ ಕೊಟ್ಟಿಲ್ಲ.

ಕ್ಯೂಆರ್ ಸ್ಟಿಕ್ಕರ್ ಕಥೆನೂ ಹಾಗೇ. ಖಾನಾವಳಿ ಗೋಡೆ ಮೇಲಿನ ಸ್ಟಿಕ್ಕರ್‌ಗೆ ಎಣ್ಣೆ, ಅರಿಶಿನ, ಎಣ್ಣೆಗಾಯಿ ಮಸಾಲೆ ಎಲ್ಲಾ ಮೆತ್ತಿರುತ್ತೆ, ಆದ್ರೂ ಸ್ಕ್ಯಾನ್ ಆಗುತ್ತೆ. 1994ರಲ್ಲಿ ಜಪಾನಿನ ಡೆನ್ಸೋ ವೇವ್ ಕಂಪನಿ ಕ್ಯೂಆರ್ ಕೋಡ್ ಮಾಡಿದ್ದು ಕಾರಿನ ಬಿಡಿಭಾಗಗಳ ಲೆಕ್ಕಕ್ಕೆ. ಕಾರ್ಖಾನೆಯಲ್ಲಿ ಗ್ರೀಸ್ ಮೆತ್ತಿದ್ರೂ ಓದಬೇಕಿತ್ತು, ಅದಕ್ಕೆ ರೀಡ್-ಸಾಲೊಮನ್ ಕೋಡಿಂಗ್ ಹಾಕಿದ್ರು. ಅತಿ ಹೆಚ್ಚಿನ ಮಟ್ಟದಲ್ಲಿ ಕೋಡಿನ ಸುಮಾರು ಶೇ 30 ಭಾಗ ಹಾಳಾದ್ರೂ ಮಾಹಿತಿ ವಾಪಸ್ ಸಿಗುತ್ತೆ. ಎರರ್ ಕರೆಕ್ಷನ್ ಯಾಕೆ ಓದಬೇಕು ಅಂತ ಕೇಳೋ ಇಸಿ ಬ್ರಾಂಚಿನ ಗೆಳೆಯರು ಒಮ್ಮೆ ಖಾನಾವಳಿ ಗೋಡೆ ನೋಡಿ ಬರಲಿ.

ಹಾಗಾದ್ರೆ ಎಲ್ಲಾ ಸರಿ ಇದೆಯಲ್ಲ, ಇನ್ನೇನು ಸಮಸ್ಯೆ? ಸಮಸ್ಯೆ ಡಬ್ಬಿ ಕೂಗಿದ ಮೇಲೆ ಶುರು. ಅದೇ ಅಕ್ಕಾರನ್ನ 'ಇವತ್ತು ಎಷ್ಟು ಬಂತು ಅಂತ ಎಲ್ಲಿ ನೋಡ್ತೀರಿ' ಅಂತ ಕೇಳಿದ್ವಿ. "ಮಗನ ಫೋನಿನ್ಯಾಗ ಇರತದ ತಮ್ಮಾ. ಅವಾ ಹುಬ್ಬಳ್ಳ್ಯಾಗ ಡ್ಯೂಟಿ ಮ್ಯಾಲೆ ಇರ್ತಾನ. ಶನಿವಾರ ಬಂದಾಗ ತೆಗದು ಕೊಡ್ತಾನ." ದಿನವಿಡೀ ತಮ್ಮ ದುಡಿಮೆಯ ದುಡ್ಡು ಬಂತು ಬಂತು ಅಂತ ಕಿವಿಗೆ ಕೇಳ್ತಿದೆ, ಕೈಗೆ ಸಿಗೋದು ಶನಿವಾರ. ಬುಧವಾರ ಜೋಳದ ಚೀಲ ತರಬೇಕಾದ್ರೆ? ಕ್ಯಾಶ್ ಕೊಟ್ಟ ಗಿರಾಕಿಗಳ ದುಡ್ಡಿನಲ್ಲಿ. ಮಗ ಕೆಟ್ಟವನಲ್ಲ, ಲೆಕ್ಕ ತಪ್ಪದೆ ಕೊಡ್ತಾನೆ. ಆದ್ರೂ ವ್ಯಾಪಾರ ಯುಪಿಐಗೆ ಹೋದಷ್ಟೂ ಅವರ ಕೈಯಲ್ಲಿ ಆಡೋ ದುಡ್ಡು ಕಡಿಮೆ ಆಗ್ತಾ ಬಂದಿದೆ. ಕ್ಯಾಶ್ ಕಾಲದಲ್ಲಿ ಗಲ್ಲಾ ಪೆಟ್ಟಿಗೆಯ ಕೀಲಿ ಅವರ ಸೊಂಟದಲ್ಲೇ ಇತ್ತು.

ನಮ್ಮ ಗೆಳತಿ ಒಬ್ಬಳು 'ನಿಮಗೆ ಬ್ಯಾಂಕ್ ಖಾತೆ ಇಲ್ವಾ ಅಕ್ಕಾ' ಅಂದಳು. ಅದಕ್ಕೆ ಬಂದ ಉತ್ತರ: "ಐತಲ್ಲವಾ. ಗೃಹಲಕ್ಷ್ಮಿ ರೊಕ್ಕ ನನ್ನ ಅಕೌಂಟಿಗೆ ಬರತದ. ಅಂಗಡಿ ರೊಕ್ಕ ಅವನ ಅಕೌಂಟಿಗೆ ಹೋಗತದ." ಸರ್ಕಾರ ಕೊಡೋ 2,000 ರೂಪಾಯಿ ಅವರ ಹೆಸರಿಗೆ, ಅವರೇ ದುಡಿದಿದ್ದು ಇನ್ನೊಬ್ಬರ ಹೆಸರಿಗೆ.

ಮೊದಲು ಸಿಮ್, ಆಮೇಲೆ ಉಳಿದದ್ದು

ಯಾಕೆ ಹೀಗೆ? ಮನೆಯವರ ದಬ್ಬಾಳಿಕೆ ಅಂತ ಒಂದೇ ಮಾತಲ್ಲಿ ಹೇಳಿಬಿಡಬಹುದು. ಕೆಲವು ಕಡೆ ಅದೂ ಇರುತ್ತೆ. ಆದ್ರೆ ನಮಗೆ ಕಂಡ ಹೆಚ್ಚಿನ ಕಡೆ ಕಾರಣ ಇನ್ನೂ ಸಪ್ಪೆಯಾದದ್ದು. ಯುಪಿಐ ಹೇಗೆ ಕೆಲಸ ಮಾಡುತ್ತೆ ಅಂತ ನೋಡಿದ್ರೆ ಗೊತ್ತಾಗುತ್ತೆ.

ಹೊಸ ಫೋನಿನಲ್ಲಿ ಯುಪಿಐ ಆ್ಯಪ್ ಹಾಕಿದಾಗ ಅದು ಮೊದಲು ಒಂದು ಎಸ್‌ಎಂಎಸ್ ಕಳಿಸುತ್ತೆ, ನಿಮ್ಮ ಫೋನಿನಿಂದಲೇ, ನಿಮ್ಮ ಸಿಮ್‌ನಿಂದಲೇ. ಈ ನಂಬರ್ ನಿಜವಾಗಿಯೂ ಈ ಫೋನಿನೊಳಗೆ ಇದೆ ಅಂತ ಅದರಿಂದ ಖಾತ್ರಿ ಆಗುತ್ತೆ. ಇದನ್ನ ಡಿವೈಸ್ ಬೈಂಡಿಂಗ್ ಅಂತಾರೆ. ಆಮೇಲೆ ಆ ನಂಬರ್‌ಗೆ ಯಾವ ಬ್ಯಾಂಕ್ ಖಾತೆ ಜೋಡಣೆ ಆಗಿದೆ ಅಂತ ಹುಡುಕುತ್ತೆ. ಸಿಕ್ಕಿದ್ರೆ ಪಿನ್ ಇಡೋಕೆ ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿ ಮತ್ತು ಅವಧಿ ಮುಗಿಯೋ ತಿಂಗಳು ವರ್ಷ ಕೇಳುತ್ತೆ, ಇಲ್ಲಾಂದ್ರೆ ಆಧಾರ್ ಒಟಿಪಿ. ಭದ್ರತೆಯ ದೃಷ್ಟಿಯಿಂದ ಇದು ಒಳ್ಳೆಯ ವಿನ್ಯಾಸ. ಸಿಮ್, ಫೋನ್, ಪಿನ್ ಮೂರೂ ಕೂಡಿದ್ರೆ ಮಾತ್ರ ಬಾಗಿಲು ತೆಗೆಯುತ್ತೆ.

ಈಗ ಆ ಅಕ್ಕಾರ ಪರಿಸ್ಥಿತಿ ಇದರ ಮೇಲೆ ಇಟ್ಟು ನೋಡಿ. ಅವರ ಖಾತೆ ತೆರೆದದ್ದು ಜನಧನ್ ಕಾಲದಲ್ಲಿ. 2014ರ ಆಗಸ್ಟ್‌ನಲ್ಲಿ ಶುರುವಾದ ಆ ಯೋಜನೆಯ ಖಾತೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಹಿಳೆಯರದ್ದೇ. ಒಳ್ಳೆಯದೇ. ಆದ್ರೆ ಫಾರ್ಮ್ ತುಂಬಿದ ದಿನ ಮನೆಯಲ್ಲಿ ಇದ್ದ ಮೊಬೈಲ್ ನಂಬರ್ ಗಂಡನದು, ಅದನ್ನೇ ಬರೆದ್ರು. ಆ ಸಿಮ್ ಈಗ ಇಲ್ಲ. ಆಧಾರ್‌ಗೆ ಕೊಟ್ಟ ನಂಬರ್ ಇನ್ನೊಂದು, ಅದು ಮಗನ ಹತ್ತಿರ ಇದೆ. ಡೆಬಿಟ್ ಕಾರ್ಡ್ ಬಂದಿತ್ತು, ಕವರ್ ಒಡೆದಿಲ್ಲ, ಅವಧಿ ಮುಗಿದಿದೆ. ಈಗ ಅವರ ಕೈಯಲ್ಲಿರೋ ಫೋನಿನ ಸಿಮ್ ಮಗಳ ಹೆಸರಲ್ಲಿ ತಗೊಂಡಿದ್ದು. ಮೂರು ಬಾಗಿಲಿಗೆ ಮೂರು ಕೀಲಿ, ಮೂರೂ ಬೇರೆಯವರ ಕಿಸೆಯಲ್ಲಿ. ಹಿಂಗಿದ್ದಾಗ ಸ್ಟಿಕ್ಕರ್ ಹಾಕೋಕೆ ಬಂದ ಕಂಪನಿಯ ಹುಡುಗನಿಗೆ ಟಾರ್ಗೆಟ್ ಮುಗಿಸಬೇಕು, 'ಮನೆಯಲ್ಲಿ ಯಾರ ಫೋನ್‌ಪೇ ನಡೀತದ್ರಿ' ಅಂತ ಕೇಳ್ತಾನೆ. ಮಗ ಹತ್ತು ನಿಮಿಷದಲ್ಲಿ ತನ್ನ ಖಾತೆ ಜೋಡಿಸಿಕೊಡ್ತಾನೆ. ಎಲ್ಲರೂ ಸಹಾಯವೇ ಮಾಡಿದ್ದು. ಫಲ ಮಾತ್ರ ಹೀಗೆ ಬಂತು.

ಡಿಜಿಟಲ್ ಸಾಕ್ಷರತೆ ಅಂದ ಕೂಡಲೇ 'ಅವರಿಗೆ ಆ್ಯಪ್ ಬಳಸೋಕೆ ಬರಲ್ಲ' ಅನ್ನೋ ಊಹೆಯಿಂದ ಶುರು ಮಾಡೋದು ಅದಕ್ಕೇ ನಮಗೆ ಒಪ್ಪಿಗೆ ಆಗಲ್ಲ. ಹೊಲಿಗೆ ಅಂಗಡಿಯ ಒಬ್ಬ ಆಂಟಿ ವಾಟ್ಸಾಪ್‌ನಲ್ಲಿ ಒಂದಕ್ಷರ ಟೈಪ್ ಮಾಡಲ್ಲ. ಗಿರಾಕಿ ಬ್ಲೌಸ್ ಡಿಸೈನ್ ಫೋಟೋ ಕಳಿಸ್ತಾರೆ, ಇವರು ಅದರ ಮೇಲೆ ಬೆರಳಲ್ಲಿ ಗೆರೆ ಎಳೆದು 'ಇಷ್ಟು ಡೀಪ್ ಸಾಕಾ' ಅಂತ ವಾಯ್ಸ್ ಮೆಸೇಜ್ ಹಾಕ್ತಾರೆ. ಅಳತೆಯನ್ನ ನೋಟ್‌ಬುಕ್ಕಿನಲ್ಲಿ ಬರೆದು, ಆ ಪುಟದ ಫೋಟೋ ತೆಗೆದು, ಗಿರಾಕಿಗೇ ಕಳಿಸಿಬಿಡ್ತಾರೆ. ಮುಂದಿನ ಸಲ ಅವರ ಚಾಟ್ ತೆಗೆದ್ರೆ ಅಳತೆ ಅಲ್ಲೇ ಇರುತ್ತೆ. ಇದು ಡೇಟಾಬೇಸ್ ಅಲ್ದೇ ಇನ್ನೇನು? ಡಿಬಿಎಂಎಸ್ ಲ್ಯಾಬಿನಲ್ಲಿ ನಾವು ಮಾಡೋ ಮಿನಿ ಪ್ರಾಜೆಕ್ಟ್‌ಗಳನ್ನ ವೈವಾ ಮುಗಿದ ಮೇಲೆ ಯಾರೂ ಬಳಸಲ್ಲ, ಇದನ್ನ ದಿನಾ ಬಳಸ್ತಾರೆ.

ಉದ್ರಿ ಪುಸ್ತಕ ಗೆದ್ದಿದ್ದು ಯಾಕೆ

ಎಲ್ಲಾ ತಂತ್ರಜ್ಞಾನವೂ ಹೀಗೆ ಅಂಟಿಕೊಳ್ಳಲ್ಲ. ಉದ್ರಿ ಲೆಕ್ಕ ಬರೆಯೋ ಆ್ಯಪ್‌ಗಳು ಇವೆ. ಯಾರಿಗೆ ಎಷ್ಟು ಬಾಕಿ ಅಂತ ಹಾಕಿದ್ರೆ ಅವರಿಗೆ ಮೆಸೇಜ್ ಹೋಗುತ್ತೆ, ತಡ ಆದ್ರೆ ನೆನಪಿನ ಮೆಸೇಜ್ ಕಳಿಸಬಹುದು. ನಮಗೆ ಕೇಳೋಕೆ ಬಹಳ ಚೆಂದ ಅನಿಸ್ತು. ಚಟ್ನಿಪುಡಿ ಮಾರೋ ಒಬ್ಬರು ಹಾಕಿಸಿಕೊಂಡು ವಾರದೊಳಗೆ ತೆಗೆದುಹಾಕಿದ್ರಂತೆ. ಎದುರು ಮನೆಯವರಿಗೆ 'ನಿಮ್ಮ ಬಾಕಿ 60 ರೂಪಾಯಿ' ಅಂತ ಮೆಸೇಜ್ ಹೋಗಿ, ಅವರು ದುಡ್ಡು ತಂದು ಕಟ್ಟೆ ಮೇಲೆ ಇಟ್ಟು ಮಾತಾಡದೇ ಹೋದ್ರು. ಎದುರು ಮನೆಯವರು ಗಿರಾಕಿ ಮಾತ್ರ ಅಲ್ಲ. ಇವರು ಸಂತೆಗೆ ಹೋದಾಗ ಮಗು ನೋಡಿಕೊಳ್ಳೋರು, ಹಪ್ಪಳ ಒಣಗಿಸೋಕೆ ಮಾಳಿಗೆ ಕೊಡೋರು. ಆ ಉದ್ರಿಯನ್ನ ಯಾವಾಗ ಕೇಳಬೇಕು, ಯಾವಾಗ ಮರೆತ ಹಾಗೆ ಮಾಡಬೇಕು ಅನ್ನೋದು ಅವರ ವ್ಯಾಪಾರದ ಜಾಣತನ. ಆ್ಯಪ್ ಮಾಡಿದವರಿಗೆ ಉದ್ರಿ ಒಂದು ಸಾಲ, ಇವರಿಗೆ ಅದು ಅರ್ಧ ಸಾಲ ಅರ್ಧ ನೆರೆಹೊರೆ. ಇಲ್ಲಿ ಪುಸ್ತಕವೇ ವಾಸಿ. ಅದನ್ನ ಹಿಂದುಳಿದಿರುವಿಕೆ ಅಂತ ರಿಪೋರ್ಟಿನಲ್ಲಿ ಬರೆಯೋದು ಬೇಡ.

ಇನ್ನೊಂದು ವಿಷಯ ನಮ್ಮ ತಂಡದ ಹುಡುಗರಿಗೆ ಹೊಳೆದೇ ಇರಲಿಲ್ಲ, ಹುಡುಗಿಯರಿಗೆ ಹೇಳೋ ಮುಂಚೆಯೇ ಅರ್ಥ ಆಯ್ತು. ಬೋರ್ಡಿನ ಮೇಲೆ ಫೋನ್ ನಂಬರ್ ಬರೆಸಿದ್ರೆ ರಾತ್ರಿ ಹನ್ನೊಂದಕ್ಕೆ ಕರೆ ಬರುತ್ತೆ, ವಿಡಿಯೋ ಕಾಲ್ ಬರುತ್ತೆ, ಡಿಪಿ ನೋಡಿ ಮೆಸೇಜ್ ಬರುತ್ತೆ. ಆಮೇಲೆ ಮನೆಯಲ್ಲಿ ಜಗಳ. ಅದಕ್ಕೇ ಹಲವರು ಬೋರ್ಡಿಗೆ ಗಂಡನ ನಂಬರ್ ಹಾಕ್ತಾರೆ, ಆರ್ಡರ್‌ಗಳು ಅವರ ಮೂಲಕ ಬರುತ್ತವೆ. 'ಇನ್‌ಸ್ಟಾಗ್ರಾಂ ಪೇಜ್ ಮಾಡಿಕೊಡ್ತೀವಿ' ಅಂತ ಹೋಗೋ ತಂಡಗಳು ಇದನ್ನ ಮೊದಲು ಕೇಳಬೇಕು. ಇದಕ್ಕೆ ಪೂರ್ತಿ ಪರಿಹಾರ ಅಂತ ಇಲ್ಲ, ಸ್ವಲ್ಪ ತಡೆಯೋ ದಾರಿ ಇದೆ. ಅದೇ ಫೋನಿನಲ್ಲಿ ಎರಡನೇ ಸಿಮ್ ಹಾಕಿ, ಆ ನಂಬರ್‌ಗೆ ವಾಟ್ಸಾಪ್ ಬಿಸಿನೆಸ್ ಹಾಕಬಹುದು. ಅದು ಸಾದಾ ವಾಟ್ಸಾಪ್ ಜೊತೆಗೇ ಬೇರೆ ಆ್ಯಪ್ ಆಗಿ ಇರುತ್ತೆ. ಡಿಪಿಗೆ ರೊಟ್ಟಿ ಕಟ್ಟಿನ ಫೋಟೋ, ಅಂಗಡಿ ಸಮಯ ಬೆಳಗ್ಗೆ ಒಂಬತ್ತರಿಂದ ರಾತ್ರಿ ಎಂಟು, ಆಮೇಲೆ ಬಂದ ಮೆಸೇಜಿಗೆ ತಾನಾಗಿ ಹೋಗೋ ಒಂದು ಸಾಲಿನ ಉತ್ತರ. ರಾತ್ರಿ ಆ ಸಿಮ್ ಆಫ್. ಆಂಟಿಯವರಿಗೆ ಅದರಲ್ಲಿ ಎಲ್ಲಕ್ಕಿಂತ ಇಷ್ಟ ಆಗಿದ್ದು ಈ 'ಆಫ್' ಅನ್ನೋದೇ.

ಅಮೆಜಾನ್, ಮೀಶೋ ಬಗ್ಗೆಯೂ ಎಲ್ಲರೂ ಕೇಳ್ತಾರೆ, ಅದನ್ನ ಬೇಗ ಹೇಳಿ ಮುಗಿಸ್ತೀವಿ. ಮೊದಲು ಇಂಥ ವೇದಿಕೆಯಲ್ಲಿ ಒಂದು ಪ್ಯಾಕೆಟ್ ಚಟ್ನಿಪುಡಿ ಮಾರಬೇಕಾದ್ರೂ ಜಿಎಸ್‌ಟಿ ನೋಂದಣಿ ಕಡ್ಡಾಯ ಇತ್ತು. 2023ರ ಅಕ್ಟೋಬರ್ 1ರಿಂದ ವಹಿವಾಟಿನ ಮಿತಿಯೊಳಗಿರೋ ಸಣ್ಣವರು ತಮ್ಮ ರಾಜ್ಯದೊಳಗೆ ಸರಕು ಮಾರೋದಾದ್ರೆ ನೋಂದಣಿ ಬೇಕಿಲ್ಲ, ಒಂದು ಗುರುತಿನ ಸಂಖ್ಯೆ ಪಡೆದ್ರೆ ಸಾಕು. ಬೇರೆ ರಾಜ್ಯಕ್ಕೆ ಕಳಿಸೋದಾದ್ರೆ ಬೇಕು. ಒಬ್ಬೊಬ್ಬರೇ ಇದನ್ನೆಲ್ಲ ಮಾಡೋದಕ್ಕಿಂತ ಸಂಘದ ಮೂಲಕ ಮಾಡೋದು ಸುಲಭ. ಕಲಬುರಗಿಯಲ್ಲಿ ಜಿಲ್ಲಾಡಳಿತ ಸ್ವಸಹಾಯ ಸಂಘದ ಮಹಿಳೆಯರನ್ನ ಕೂಡಿಸಿ 'ಕಲಬುರಗಿ ರೊಟ್ಟಿ' ಅಂತ ಒಂದೇ ಬ್ರ್ಯಾಂಡ್ ಮಾಡಿದೆ, ಆನ್‌ಲೈನ್ ಆರ್ಡರ್ ಕೂಡ ಬರುತ್ತೆ. ರೊಟ್ಟಿ ಬಡಿಯೋರು ರೊಟ್ಟಿ ಬಡೀತಾರೆ, ಪ್ಯಾಕಿಂಗ್ ಕೊರಿಯರ್ ತಲೆನೋವು ಇನ್ನೊಬ್ಬರದು.

ನೋಟಿಸ್ ಬಂದ ಮೇಲೆ

2025ರ ಜುಲೈನಲ್ಲಿ ಬೆಂಗಳೂರಿನ ಅಂಗಡಿಗಳಲ್ಲಿ 'ಯುಪಿಐ ಇಲ್ಲ, ಕ್ಯಾಶ್ ಮಾತ್ರ' ಅಂತ ಚೀಟಿ ಅಂಟಿಸಿದ್ದು ನಿಮಗೆ ನೆನಪಿರಬಹುದು. ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ ಈಚಿನ ಯುಪಿಐ ಮಾಹಿತಿ ತೆಗೆದು, ನೋಂದಣಿ ಇಲ್ಲದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. ಹಾಲು, ತರಕಾರಿ ಮಾರೋರಿಗೂ ಹೋಗಿತ್ತು, ಅವೋ ತೆರಿಗೆಯೇ ಇಲ್ಲದ ವಸ್ತುಗಳು. ಗಲಾಟೆ ಆದ ಮೇಲೆ ಸರ್ಕಾರ ಹಳೆಯ ಬಾಕಿಗೆ ಒತ್ತಾಯ ಮಾಡಲ್ಲ, ಮುಂದೆ ನೋಂದಣಿ ಮಾಡಿಸಿ ಅಂತು. ಆ ಸುದ್ದಿ ಧಾರವಾಡದ ಒಲೆ ಮುಂದೆ ಕೂತವರಿಗೂ ಮುಟ್ಟಿದೆ. "ಆ ಪಟ್ಟಿ ತೆಗದು ಬಿಡೂಣು ಅಂತೀನಿ, ನೋಟಿಸ್ ಬಂದ್ರ ಯಾರು ತಿರುಗಾಡೂದು" ಅಂತ ಒಬ್ಬರು ಕ್ಯೂಆರ್ ಕಡೆ ಕೈ ತೋರಿಸಿದ್ರು.

ಈ ಹೆದರಿಕೆಗೆ ಉತ್ತರ ಸಮಾಧಾನದ ಮಾತಲ್ಲ, ಲೆಕ್ಕ. ಸರಕು ಮಾರೋರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದ್ರೆ, ಸೇವೆ ಕೊಡೋರಿಗೆ 20 ಲಕ್ಷ ದಾಟಿದ್ರೆ ನೋಂದಣಿ ಬೇಕು. ಖಾನಾವಳಿ ಊಟ ಬಡಿಸೋದು ಸೇವೆಯ ಲೆಕ್ಕಕ್ಕೆ ಬರುತ್ತೆ. ದಿನಕ್ಕೆ 60 ಊಟ, ಒಂದಕ್ಕೆ 100 ರೂಪಾಯಿ ಅಂತ ಇಟ್ಟುಕೊಳ್ಳಿ. 300 ದಿನ ನಡೆಸಿದ್ರೆ 18 ಲಕ್ಷ, ರಜೆಯೇ ಇಲ್ಲದೆ 365 ದಿನ ನಡೆಸಿದ್ರೆ 21.9 ಲಕ್ಷ. ಅಂದ್ರೆ ಮಿತಿ ನಾವು ಅಂದುಕೊಂಡಷ್ಟು ದೂರ ಇಲ್ಲ. ಇದು ಲಾಭ ಅಲ್ಲ, ಒಟ್ಟು ವಹಿವಾಟು. ಕ್ಯಾಶ್ ಯುಪಿಐ ಎರಡೂ ಸೇರಿ. ಯುಪಿಐ ತೆಗೆದುಹಾಕಿದ್ರೆ ಲೆಕ್ಕ ಬದಲಾಗಲ್ಲ. ಕಡಕ್ ರೊಟ್ಟಿ ಕಟ್ಟಿ ಮಾರೋರದ್ದು ಬೇರೆ ದಾರಿ: ರೊಟ್ಟಿ ಚಪಾತಿ ಮೇಲಿದ್ದ ಶೇ 5 ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಸೊನ್ನೆ ಆಗಿದೆ.

ಈಗ ನಮ್ಮ ಮೊದಲ ಪ್ರಶ್ನೆ ಇಲ್ಲಿ ಮತ್ತೆ ಬರುತ್ತೆ. ವಹಿವಾಟು ಲೆಕ್ಕ ಹಾಕೋದು ಪ್ಯಾನ್ ಆಧಾರದ ಮೇಲೆ. ಸ್ಟಿಕ್ಕರ್ ಮಗನ ಖಾತೆಯದ್ದಾದ್ರೆ ಅಮ್ಮನ ರೊಟ್ಟಿ ದುಡ್ಡು ಮಗನ ಪ್ಯಾನಿಗೆ ಬೀಳುತ್ತೆ. ಅದೇ ಖಾತೆಗೆ ಮಗನ ಸಂಬಳ, ಗೋವಾ ಟ್ರಿಪ್ಪಿಗೆ ಗೆಳೆಯರು ಹಾಕಿದ ಪಾಲು, ಗಾಡಿ ಮಾರಿದ ದುಡ್ಡು ಎಲ್ಲಾ ಬಂದಿರುತ್ತೆ. ನಾಳೆ ಯಾರಾದ್ರೂ ಕೇಳಿದ್ರೆ ಯಾವುದು ಊಟದ್ದು, ಯಾವುದು ಟ್ರಿಪ್ಪಿನದು ಅಂತ ಮೂರು ವರ್ಷ ಹಿಂದಿನ ಸ್ಟೇಟ್‌ಮೆಂಟ್ ಬಿಡಿಸಿ ತೋರಿಸಬೇಕು. ಬೇರೆ ಖಾತೆ ಇದ್ರೆ ಐದು ನಿಮಿಷದ ಕೆಲಸ.

ನೋಟಿಸ್‌ಗಿಂತ ದೊಡ್ಡ ನಷ್ಟ ಸಾಲದ್ದು. ಖಾನಾವಳಿಗೆ ಒಂದು ದೊಡ್ಡ ಫ್ರಿಜ್ ಬೇಕು, ಇಲ್ಲಾ ರೊಟ್ಟಿ ಮಾಡೋ ಮಷೀನ್ ಬೇಕು ಅಂತ ಬ್ಯಾಂಕಿಗೆ ಹೋದ್ರೆ ಆರು ತಿಂಗಳ ಸ್ಟೇಟ್‌ಮೆಂಟ್ ಕೇಳ್ತಾರೆ. ಅವರ ಪಾಸ್‌ಬುಕ್ಕಿನಲ್ಲಿ ಇರೋದು ತಿಂಗಳಿಗೊಮ್ಮೆ 2,000 ಬಂದಿದ್ದು, ಮರುದಿನ ತೆಗೆದಿದ್ದು. ದಿನಾ ಸಾವಿರಾರು ರೂಪಾಯಿ ವ್ಯಾಪಾರ ಮಾಡೋರು ಕಾಗದದ ಮೇಲೆ ವ್ಯಾಪಾರಿಯೇ ಅಲ್ಲ. ಸ್ವಸಹಾಯ ಸಂಘಕ್ಕೆ ಬ್ಯಾಂಕುಗಳು 20 ಲಕ್ಷದವರೆಗೆ ಅಡಮಾನ ಇಲ್ಲದೆ ಸಾಲ ಕೊಡ್ತವೆ, ಆದ್ರೆ ಅದು ಹತ್ತಿಪ್ಪತ್ತು ಮಂದಿಯಲ್ಲಿ ಹಂಚಿ ಹೋಗುತ್ತೆ. ಬೀದಿ ಬದಿ ವ್ಯಾಪಾರಿಗಳಿಗೆ ಪಿಎಂ ಸ್ವನಿಧಿ ಇದೆ. 2020ರಲ್ಲಿ 10,000ದಿಂದ ಶುರುವಾಗಿದ್ದು, 2025ರ ಬದಲಾವಣೆಯ ನಂತರ 15,000, 25,000, 50,000 ಅಂತ ಮೂರು ಹಂತ. ಡಿಜಿಟಲ್ ಆಗಿ ದುಡ್ಡು ತಗೊಂಡ್ರೆ ಕ್ಯಾಶ್‌ಬ್ಯಾಕ್ ಕೂಡ ಇದೆ. ಆ ವ್ಯಾಪಾರದ ಗುರುತು ಅವರದ್ದೇ ಖಾತೆಯಲ್ಲಿ ಇದ್ರೆ ಮುಂದಿನ ದೊಡ್ಡ ಸಾಲ ಕೇಳೋಕೆ ಒಂದು ಆಧಾರ ಸಿಗುತ್ತೆ.

ನೀವು ಹೋದ್ರೆ ಏನು ಮಾಡಬಹುದು

ವೆಬ್‌ಸೈಟ್ ಬೇಡ. ಲೋಗೋ ಆಮೇಲೆ. ಮೊದಲ ದಿನ ಬರೀ ಕೇಳಿ: ಈ ಸಿಮ್ ಯಾರ ಹೆಸರಲ್ಲಿದೆ, ಬ್ಯಾಂಕಿಗೆ ಕೊಟ್ಟ ನಂಬರ್ ಯಾವುದು, ಆಧಾರ್‌ಗೆ ಕೊಟ್ಟಿದ್ದು ಯಾವುದು. ಒಂದು ಹಾಳೆಯಲ್ಲಿ ಬರೆದುಕೊಂಡ್ರೆ ಎಲ್ಲಿ ಕೊಂಡಿ ಕಳಚಿದೆ ಅಂತ ಅಲ್ಲೇ ಕಾಣುತ್ತೆ. ಸರ್ಕ್ಯೂಟ್ ಡೀಬಗ್ ಮಾಡೋ ಹಾಗೇನೇ, ಸಪ್ಲೈ ಇದೆಯಾ ಅಂತ ನೋಡದೆ ಐಸಿ ಬದಲಾಯಿಸಬೇಡಿ. ಅವರ ಹೆಸರಿನ ಒಂದು ಸಿಮ್, ಅದೇ ನಂಬರ್ ಬ್ಯಾಂಕಿಗೆ, ಅದೇ ನಂಬರ್ ಆಧಾರ್‌ಗೆ. ಇದು ಆದ್ರೆ ಮುಕ್ಕಾಲು ಕೆಲಸ ಮುಗಿದ ಹಾಗೆ. ಆಮೇಲೆ ಅವರ ಖಾತೆಗೆ ಹೊಸ ಕ್ಯೂಆರ್, ಹಳೇ ಸ್ಟಿಕ್ಕರ್ ಕಿತ್ತು ಹಾಕಿ, ಸೌಂಡ್‌ಬಾಕ್ಸನ್ನೂ ಅದಕ್ಕೇ ಜೋಡಿಸಿ.

ಅಂಗಡಿಗೆ ಅಂತ ಬೇರೆ ಖಾತೆ ತೆರೆಸೋದಾದ್ರೆ ಒಂದು ಎಚ್ಚರ. ಫಾರ್ಮಿನಲ್ಲಿ ಸರ್ಕಾರದ ನೇರ ಹಣ ವರ್ಗಾವಣೆಗೆ ಈ ಖಾತೆಯನ್ನ ಆಧಾರ್ ಜೊತೆ ಜೋಡಿಸಲೇ ಅಂತ ಒಂದು ಚೌಕ ಇರುತ್ತೆ. ಗಮನಿಸದೆ ಟಿಕ್ ಹಾಕಿದ್ರೆ ಗೃಹಲಕ್ಷ್ಮಿ ಹಣ ಹಳೇ ಖಾತೆ ಬಿಟ್ಟು ಹೊಸದಕ್ಕೆ ಹೋಗಿಬಿಡುತ್ತೆ, ಅವರು ಹಳೇ ಪಾಸ್‌ಬುಕ್ ಹಿಡಿದು 'ಈ ತಿಂಗಳು ಬಂದಿಲ್ಲ' ಅಂತ ಅಲೀತಾರೆ. ಉದ್ಯಮ್ ನೋಂದಣಿಯನ್ನ ಸರ್ಕಾರದ ಪೋರ್ಟಲ್‌ನಲ್ಲಿ ಉಚಿತವಾಗಿ ಮಾಡಬಹುದು, ಫೀ ಕೇಳೋ ಸೈಟ್ ಬಂದ್ರೆ ಅದು ಸರ್ಕಾರದ್ದಲ್ಲ. ಪಿನ್ ವಿಷಯಕ್ಕೆ ಒಂದೇ ಪಾಠ ಸಾಕು, ಹತ್ತು ಸಲ ಹೇಳಿ: ದುಡ್ಡು ಬರೋಕೆ ಪಿನ್ ಬೇಡ, ಪಿನ್ ಕೇಳಿದ್ರೆ ದುಡ್ಡು ಹೋಗ್ತಿದೆ ಅಂತ ಅರ್ಥ. ಪಿನ್ ಅವರೇ ಒತ್ತಲಿ, ಆಗ ನೀವು ಬೇರೆ ಕಡೆ ನೋಡಿ.

ಹಳ್ಳಿಗಳಲ್ಲಿ ಕೆಲಸ ಮಾಡೋರಿಗೆ ಇನ್ನೊಂದು ಸುಳಿವು. ಸಂಜೀವಿನಿ ಒಕ್ಕೂಟದಲ್ಲಿ ಎಂಬಿಕೆ ಅಂತ ಒಬ್ಬರು ಇರ್ತಾರೆ, ಲೆಕ್ಕ ಪುಸ್ತಕ ನೋಡೋರು. ಕೆಲವು ಕಡೆ ಬಿಸಿ ಸಖಿಯರೂ ಇದ್ದಾರೆ, ಮನೆ ಬಾಗಿಲಲ್ಲೇ ಹಣ ಹಾಕೋದು ತೆಗೆಯೋದು ಮಾಡಿಕೊಡ್ತಾರೆ. ಅವರನ್ನ ಬಿಟ್ಟು ನೇರ ಹೋದ್ರೆ ನಾವು ಒಂದು ದಿನದ ಅತಿಥಿಗಳು. ಅವರಿಗೆ ಗೊತ್ತಾದ್ರೆ ನಾವು ಸೆಮಿಸ್ಟರ್ ಮುಗಿಸಿ ಬಂದ ಮೇಲೂ ಕೇಳೋಕೆ ಊರಲ್ಲೇ ಒಬ್ಬರು ಇರ್ತಾರೆ.

ಮಗನನ್ನ ಅಥವಾ ಗಂಡನನ್ನ ಬಿಟ್ಟು ಗುಟ್ಟಾಗಿ ಇದನ್ನ ಮಾಡಿಸೋಕೆ ಹೋಗಬೇಡಿ, ನಾವು ಬಂದು ಹೋದ ಮೇಲೆ ಮನೆಯಲ್ಲಿ ಇರೋರು ಅವರೇ. ನಾವು ಕಂಡ ಹಾಗೆ ನೋಟಿಸ್ ಮತ್ತು ಸಾಲದ ಲೆಕ್ಕವನ್ನ ಮಗನ ಎದುರೇ ಬಿಡಿಸಿ ಹೇಳಿದಾಗ ಅವನೇ ಮೊದಲು ಒಪ್ಪಿದ. ತನ್ನ ಪ್ಯಾನಿನ ಮೇಲೆ 20 ಲಕ್ಷ ಕೂತಿರೋದು ಅವನಿಗೂ ಬೇಕಾಗಿಲ್ಲ. ಬ್ಯಾಂಕಿಗೆ ಹೋಗೋ ಸಮಯ ಮಾತ್ರ ಸರಿಯಾಗಿ ಇಟ್ಟುಕೊಳ್ಳಿ. ಖಾನಾವಳಿಯವರಿಗೆ ಬೆಳಗ್ಗೆ ಹನ್ನೊಂದರಿಂದ ಮೂರು ಆಗಲ್ಲ, ಮೂರಾದ ಮೇಲೆ ಕೌಂಟರ್ ಮುಚ್ಚೋಕೆ ಮುಂಚೆ ಸ್ವಲ್ಪ ಹೊತ್ತು ಸಿಗುತ್ತೆ. ಜೊತೆಗೆ ಪಾಸ್‌ಬುಕ್, ಆಧಾರ್, ಪ್ಯಾನ್, ಎರಡು ಫೋಟೋ, ಹೊಸ ಸಿಮ್ ಹಾಕಿದ ಫೋನ್, ಮತ್ತು ಹಳೇ ನಂಬರಿಗೆ ಒಟಿಪಿ ಬಂದ್ರೆ ಹೇಳೋಕೆ ಡ್ಯೂಟಿಗೆ ರಜೆ ಹಾಕಿದ ಮಗ.